ಮುಳಶಿಯ ದಂಡೆಯಿಂದ ದೋಸ್ತನಿಗೆ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಶನಿವಾರ ಬಂದರೆ ಸಾಕು ಮುಳಶಿಗೆ ಓಡುತ್ತೀಯಲ್ಲ, ಅಂಥದ್ದೇನಿದೆ ಅಲ್ಲಿ?" ಅಂತ. "ಏನೂ ಇಲ್ಲ, ಅದಕ್ಕೇ ಹೋಗೋದು" ಅಂದು ನಕ್ಕುಬಿಟ್ಟೆ. ಆದರೆ ಇದೆ. ಭೀಮಾ ದಂಡೆಯಲ್ಲಿ ಹೊಲ ಇರುವ ನಿನಗೆ ಅದನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ಮೊದಲು ಜಾಗ ಹೇಳುತ್ತೇನೆ. ಪುಣೆಯ ಚಾಂದಣಿ ಚೌಕದಿಂದ ಪೌಡ್ ರಸ್ತೆ ಹಿಡಿಯಬೇಕು. ಪೌಡ್ ಬರುವ ತನಕ ಬರೀ ಟ್ರಾಫಿಕ್ಕು, ಆಮೇಲೆ ಗುಡ್ಡ, ಆಮೇಲೆ ನೀರು. ನಮ್ಮ ಆಫೀಸಿನಿಂದ ರಿಟೈರ್ ಆದ ಹಿರಿಯರೊಬ್ಬರು ಅಲ್ಲಿ ಎರಡು ಕೋಣೆಯ ಮರದ ಮನೆ ಕಟ್ಟಿಸಿದ್ದಾರೆ. ಕ್ಯಾಬಿನ್ ಅಂತಾರೆ. ಮೇಲೆ ತಗಡು, ಮುಂದೆ ಉದ್ದನೆಯ ಪಡಸಾಲೆ. ಅವರಿಗೀಗ ಮೊಣಕಾಲು ನೋವು, ಬರುವುದಿಲ್ಲ. ಮುಚ್ಚಿಟ್ಟರೆ ಗೆದ್ದಲು ಹಿಡಿಯುತ್ತದೆ ಅಂತ ಕೀಲಿ ನನ್ನ ಕೈಗೆ ಕೊಟ್ಟಿದ್ದಾರೆ.

ಪುಣೆಯವರು ಇಲ್ಲಿಗೆ ಬರುವುದು ಮಳೆಗಾಲದಲ್ಲಿ. ಜುಲೈ ತಿಂಗಳ ಭಾನುವಾರ ತಾಮ್ಹಿಣಿ ಘಾಟಿನಲ್ಲಿ ಜಲಪಾತಕ್ಕಿಂತ ಕಾರುಗಳೇ ಜಾಸ್ತಿ. ನಾನು ಹೋಗುವುದು ಮೇ ಕೊನೆಗೆ. ರೋಹಿಣಿ ಮಳೆ ಬಂದಂತೆ ಮಾಡಿ ಹೋಗುವ, ಮಿರಗ, ಅಂದರೆ ಮೃಗಶಿರಾ ಮಳೆ, ಇನ್ನೂ ಕೂಡದ ದಿನಗಳು. ಆಗ ಗುಡ್ಡವೆಲ್ಲ ಬೋಳು, ಹುಲ್ಲು ಒಣಗಿ ಕಂದು ಬಣ್ಣ. ಫೋಟೋ ತೆಗೆಯುವವರಿಗೆ ಅಲ್ಲಿ ಕೆಲಸವಿಲ್ಲ. ನಮ್ಮ ಕಡೆಯ ಕಣ್ಣಿಗೆ ಮಾತ್ರ ಇದು ಒಗ್ಗುತ್ತದೆ, ನೋಡು. ತೀರಾ ಹಸಿರಾದರೆ ನನಗೆ ಬೇರೆ ಯಾರದೋ ಮನೆಗೆ ಬಂದಂತೆ ಅನ್ನಿಸುತ್ತದೆ.

ಅಲ್ಲಿ ದಿನ ಹೇಗೆ ಹೋಗುತ್ತದೆ ಅಂದರೆ, ಹೋಗುವುದೇ ಇಲ್ಲ. ಬೆಳಿಗ್ಗೆ ಚಹಾ. ಆಮೇಲೆ ಪಡಸಾಲೆಯಲ್ಲಿ ಕುರ್ಚಿ ಹಾಕಿ ಸುಮ್ನೆ ಕೂರುವುದು. ಹಿಂದಿನ ಮರಗಳಿಂದ ಒಂದು ಹಕ್ಕಿ ಸ್ವರ ಏರಿಸುತ್ತ ಏರಿಸುತ್ತ ಕೂಗುತ್ತದೆ. ಇಲ್ಲಿಯವರು ಅದಕ್ಕೆ ಪಾವಶಾ ಅನ್ನುತ್ತಾರೆ. 'ಪೇರತೇ ವ್ಹಾ, ಪೇರತೇ ವ್ಹಾ' ಅಂತ, ಬಿತ್ತನೆಗೆ ಏಳಿ ಅಂತ ರೈತರನ್ನು ಎಬ್ಬಿಸುತ್ತದಂತೆ. ನಾನು ಬಿತ್ತುವವನಲ್ಲ, ಹಾಗಾಗಿ ಏಳುವುದಿಲ್ಲ. ರಸ್ತೆಯ ಬದಿ ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿಹಣ್ಣು, ನೇರಳೆಹಣ್ಣು ಮಾರುತ್ತಾರೆ. ತಂದು ಮಧ್ಯಾಹ್ನದವರೆಗೂ ತಿನ್ನುವುದು. ಊಟಕ್ಕೆ ಮನೆ ನೋಡಿಕೊಳ್ಳುವ ಮಾಮಾರ ಹೆಂಡತಿ ಮಾಡಿದ ಭಾಕರಿ, ಝುಣಕ, ಮೇಲೆ ಆಂಬೇಮೋಹರ ಅಕ್ಕಿಯ ಅನ್ನ. ಸಣ್ಣ ಕಾಳು, ಮೆತ್ತಗೆ ಬೇಯುತ್ತದೆ. ಕುಕ್ಕರಿನ ಮುಚ್ಚಳ ತೆಗೆದರೆ ಹೂ ಬಿಟ್ಟ ಮಾವಿನ ಮರದ ಕೆಳಗೆ ನಿಂತಂಥ ವಾಸನೆ. ಈ ಸೀಮೆಯದೇ ಅಕ್ಕಿ. ಪುಣೆಯ ಅಂಗಡಿಯಲ್ಲಿ ಅದೇ ಹೆಸರಿನ ಚೀಲ ಸಿಗುತ್ತದೆ, ಆ ವಾಸನೆ ಮಾತ್ರ ಸಿಗುವುದಿಲ್ಲ.

ರಾತ್ರಿ ಕತ್ತಲು. ಕರೆಂಟು ಆಗಾಗ ಹೋಗುತ್ತದೆ, ಗಾಳಿ ಬೀಸಿದರಂತೂ ಗ್ಯಾರಂಟಿ. ಹೋದದ್ದೇ ಒಳ್ಳೆಯದು. ಆಗಲೇ ಹಳ್ಳದ ಬದಿಯ ಮರಗಳಲ್ಲಿ ಮಿಣುಕುಹುಳುಗಳು ಕಾಣುವುದು. ಮಳೆ ಶುರುವಾಗುವ ಮುಂಚಿನ ಈ ಕೆಲವು ವಾರ ಮಾತ್ರ ಅವುಗಳ ಜಾತ್ರೆ. ಮೊಬೈಲ್ ಟಾರ್ಚ್ ಹಾಕಿದರೆ ಮುಗಿಯಿತು, ಹಾಗಾಗಿ ಮಕ್ಕಳ ಫೋನುಗಳನ್ನು ಮೊದಲೇ ಕಸಿದಿಡುತ್ತೇನೆ.

ಈಗ ನಿನಗೆ ಹೇಳಬೇಕಾದ ಮಾತಿಗೆ ಬರುತ್ತೇನೆ.

ಕರೆಂಟಿಲ್ಲದೆ ನಾವು ಕೂರುತ್ತೇವಲ್ಲ, ಆ ನೀರು ಇರುವುದೇ ಕರೆಂಟಿಗಾಗಿ. ಇದು ಹುಟ್ಟಾ ಕೆರೆಯಲ್ಲ. ಮುಳಾ ನದಿಗೆ ಟಾಟಾದವರು ಕಟ್ಟಿದ ಅಣೆಕಟ್ಟಿನ ಹಿನ್ನೀರು. ಗುಡ್ಡ ಕೊರೆದು ನೀರನ್ನು ಪಡುವಣಕ್ಕೆ ತಿರುಗಿಸಿದ್ದಾರೆ. ಅದು ಸಹ್ಯಾದ್ರಿಯ ಅಂಚಿನಿಂದ ಸುಮಾರು 500 ಮೀಟರ್ ಕೆಳಗೆ ಕೊಂಕಣದ ಭಿರಾಕ್ಕೆ ಬಿದ್ದು ಟರ್ಬೈನ್ ತಿರುಗಿಸುತ್ತದೆ. ಭಿರಾ ವಿದ್ಯುತ್ ಕೇಂದ್ರ ಶುರುವಾದದ್ದು 1927ರಲ್ಲಿ. ಅದಕ್ಕೂ ಮುಂಚೆ 1915ರಲ್ಲಿ ಖೋಪೋಲಿ, 1922ರಲ್ಲಿ ಭಿವಪುರಿ. ಎಲ್ಲ ಮುಂಬಯಿಯ ಗಿರಣಿ, ರೈಲುಗಳಿಗಾಗಿ. ಭಿರಾದಲ್ಲಿ ಕೆಲಸ ಮುಗಿಸಿದ ನೀರು ಕುಂಡಲಿಕಾ ನದಿ ಸೇರುತ್ತದೆ. ಕೋಲಾಡದಲ್ಲಿ ಬೆಳಿಗ್ಗೆ ಹೊತ್ತು ಜನ ಹೆಲ್ಮೆಟ್ ಹಾಕಿಕೊಂಡು ರಬ್ಬರ್ ದೋಣಿಯಲ್ಲಿ ಕಿರುಚುತ್ತ ಹೋಗುವುದು ಇದೇ ನೀರಿನ ಮೇಲೆ. ಆಮೇಲೆ ರೇವದಂಡಾದಲ್ಲಿ ಸಮುದ್ರ.

ತಿರುಗಿಸದೇ ಬಿಟ್ಟಿದ್ದರೆ ಎಲ್ಲಿಗೆ ಹೋಗುತ್ತಿತ್ತು? ಮುಳಾ ಪುಣೆಗೆ ಬಂದು ಮುಠಾ ಸೇರುತ್ತದೆ. ಎರಡೂ ಸೇರಿ ದೌಂಡಿಗಿಂತ ಮೊದಲೇ ಭೀಮಾ ಸೇರುತ್ತವೆ. ಆಮೇಲೆ ಉಜನಿ ಅಣೆಕಟ್ಟು, ಪಂಢರಪುರ, ಧೂಳಖೇಡದ ಸೇತುವೆ, ಅಲ್ಲಿಂದ ನಿನ್ನ ಹೊಲ. ಅಂದರೆ ನಾನು ಕುರ್ಚಿ ಹಾಕಿ ನೋಡುತ್ತ ಕೂರುವುದು ನಿನ್ನ ಹೊಳೆಯ ನೀರನ್ನು, ದೋಸ್ತ. ಮೇ ತಿಂಗಳಲ್ಲಿ ನೀನು ಮೋಟರ್ ಪೈಪನ್ನು ಮಡುವಿನಿಂದ ಮಡುವಿಗೆ ಎಳೆಯುತ್ತ, ಉಜನಿಯಿಂದ ನೀರು ಯಾವಾಗ ಬಿಡುತ್ತಾರೋ ಎಂದು ಕಾಯುವಾಗ, ನಾನು ಇಲ್ಲಿ ನೇರಳೆಹಣ್ಣು ತಿನ್ನುತ್ತಿರುತ್ತೇನೆ.

ಇದನ್ನು ಅನ್ಯಾಯ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಲು ನನಗೆ ಮನಸ್ಸಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ನಿನ್ನ ತೊಗರಿ ಮುಳುಗಿದಾಗ ಬೇಡಾಗಿದ್ದೂ ನೀರೇ. ಮಧ್ಯದಲ್ಲಿ ಉಜನಿ ಇದೆ, ಅದರ ಸುತ್ತ ಕಬ್ಬು ಇದೆ. ಮುಳಶಿಯ ನೀರನ್ನು ಪೂರ್ತಿ ಈ ಕಡೆ ಬಿಟ್ಟರೂ ನಿನ್ನವರೆಗೆ ಬರುವುದು ಎಷ್ಟೋ. ಆದರೂ ಗುಡ್ಡದ ಈ ಮಗ್ಗುಲಲ್ಲಿ ಬಿದ್ದ ಮಳೆ ಆ ಮಗ್ಗುಲಿಗೆ ಇಳಿದು ಹೋಗುತ್ತದೆ ಅನ್ನುವುದು ತಿಳಿದ ಮೇಲೆ ಕುರ್ಚಿ ಮೊದಲಿನಷ್ಟು ಆರಾಮ ಇಲ್ಲ.

ನಮಗಿಂತ ಮೊದಲು ನೊಂದವರು ಇಲ್ಲಿಯವರೇ. ಮೇ ಕೊನೆಗೆ ನೀರು ಬಹಳ ಕೆಳಗೆ ಇಳಿಯುತ್ತದೆ. ಮನೆಯ ಮುಂದಿನಿಂದ ನೀರಿನ ಅಂಚಿನವರೆಗೆ ಬಿರುಕು ಬಿಟ್ಟ ಕೆಸರು. ಅಲ್ಲಲ್ಲಿ ಮರದ ಬೊಡ್ಡೆ, ಸಾಲಾಗಿ ಕೂತ ಕಲ್ಲು. ಗದ್ದೆಯ ಬದುವೋ, ಗೋಡೆಯೋ ಗೊತ್ತಾಗುವುದಿಲ್ಲ. ಮಾಮಾರ ಅಜ್ಜನ ಊರು ಈ ನೀರಿನ ಒಳಗೇ ಇದೆ. ಕೈ ತೋರಿಸಿ "ಆ ಕಡೆ" ಅನ್ನುತ್ತಾರೆ, ಅಷ್ಟೇ. ಮಕ್ಕಳನ್ನು ಮಾತ್ರ ನೀರಿಗೆ ಇಳಿಯಲು ಬಿಡುವುದಿಲ್ಲ. ಮೇಲೆ ಗಟ್ಟಿಯಾಗಿ ಕಾಣುವ ಕೆಸರು ಒಳಗೆ ಸೊಂಟದವರೆಗೆ ಎಳೆಯುತ್ತದಂತೆ.

ಆ ಊರುಗಳ ರೈತರು ಸುಮ್ಮನೆ ಬಿಟ್ಟುಕೊಡಲಿಲ್ಲ. 1921ರ ಏಪ್ರಿಲಿನಲ್ಲಿ, ರಾಮನವಮಿಯ ದಿನ, ಕಟ್ಟುತ್ತಿದ್ದ ಅಣೆಕಟ್ಟಿನ ಜಾಗದಲ್ಲೇ ಸತ್ಯಾಗ್ರಹಕ್ಕೆ ಕೂತರು. ಮುಂದಾಳು ಪಾಂಡುರಂಗ ಮಹಾದೇವ ಬಾಪಟ್. ಜನ ಅವರನ್ನು ಸೇನಾಪತಿ ಅಂತ ಕರೆಯಲು ಶುರು ಮಾಡಿದ್ದು ಈ ಹೋರಾಟದಿಂದಲೇ. ಜೈಲು ಆಯಿತು, 1924ರ ಹೊತ್ತಿಗೆ ಚಳವಳಿಯೂ ಮುಗಿಯಿತು, ಅಣೆಕಟ್ಟು ಎದ್ದಿತು. ಪುಣೆಯಲ್ಲಿ ನನ್ನ ಆಫೀಸು ಇರುವುದು ಸೇನಾಪತಿ ಬಾಪಟ್ ರಸ್ತೆಯಲ್ಲಿ. ವರ್ಷಗಟ್ಟಲೆ ಆ ಬೋರ್ಡಿನ ಕೆಳಗೆ ಬಸ್ಸಿಗೆ ಕಾದವನಿಗೆ ಈ ಮನುಷ್ಯನ ಕಥೆ ಗೊತ್ತಾದದ್ದು ಮುಳಶಿಯ ಮಾಮಾರಿಂದ. ಮುಂಬಯಿಯಲ್ಲೂ ಅವರ ಹೆಸರಿನ ರಸ್ತೆ ಇದೆ. ಅದು ಹಾದು ಹೋಗುವುದು ದಾದರ್, ಲೋವರ್ ಪರೇಲಿನ ಹಳೆಯ ಗಿರಣಿಗಳ ಸೀಮೆಯಲ್ಲಿ. ಯಾವ ಗಿರಣಿಗಳ ಕರೆಂಟಿಗಾಗಿ ಈ ಊರುಗಳು ಮುಳುಗಿದವೋ ಅವುಗಳ ಪಕ್ಕದಲ್ಲೇ! ಯಾರೂ ಬೇಕಂತ ಮಾಡಿದ್ದಲ್ಲ ಬಿಡು. ಆದರೂ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಾಗಂತ ನಾನು ಮುಳಶಿಗೆ ಹೋಗುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಇಷ್ಟೆಲ್ಲ ತಿಳಿದ ಮೇಲೆ ನಿನ್ನನ್ನು ಕರೆದುಕೊಂಡು ಹೋಗಬೇಕು ಅನ್ನುವ ಹಟ ಮಾತ್ರ ಜಾಸ್ತಿಯಾಗಿದೆ. ಈ ನೀರಿನ ಬಗ್ಗೆ ನಾನು ಪತ್ರ ಬರೆಯಬಲ್ಲೆ. ನೀನಾದರೆ ದಂಡೆಗೆ ನಿಂತು ಒಮ್ಮೆ ನೋಡಿ, ಇದರಲ್ಲಿ ಎಷ್ಟು ಎಕರೆ ನೆನೆಯುತ್ತಿತ್ತು ಅಂತ ಲೆಕ್ಕ ಹೇಳುತ್ತೀಯ. ಮಾಮಾರಿಗೂ ನಿನ್ನ ವಿಷಯ ಹೇಳಿದ್ದೇನೆ. "ಭೀಮೆಯ ಕೆಳಗಿನ ಊರಿನವರಾ? ಕರೆತನ್ನಿ" ಅಂದರು. ಅವರಿಗೆ ಕನ್ನಡ ಬರುವುದಿಲ್ಲ, ನಿನ್ನ ಸೊಲ್ಲಾಪುರಿ ಮರಾಠಿ ಧಾರಾಳ ಸಾಕು.

ಮಿರಗ ಕೂಡಿದರೆ ನಿನಗೆ ಹೊಲ ಬಿಟ್ಟು ಅಲುಗಾಡಲು ಆಗುವುದಿಲ್ಲ, ಗೊತ್ತು. ಅದಕ್ಕೂ ಮೊದಲೇ ಬಾ. ಸೊಲ್ಲಾಪುರದಿಂದ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿ, ಪುಣೆ ಸ್ಟೇಷನ್ನಿಗೆ ನಾನು ಬರುತ್ತೇನೆ. ವೈನಿಗೆ ಹೇಳಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಾ, ಮಾಮಾರ ಮನೆಗೂ ಒಂದು ಗಂಟು ಬೇರೆ ಇರಲಿ. ಪೌಡ್ ದಾಟಿದರೆ ನನ್ನ ಫೋನು ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ಬರುವುದನ್ನು ಗುರುವಾರದೊಳಗೆ ತಿಳಿಸು.

ನಿನ್ನ ದೋಸ್ತ