‘ಇಲ್ಲಿ ಸರಿಯಿಲ್ಲ’ ಎಂದವರಿಗೆಲ್ಲ

ಈ ಜನವರಿಯ ಚಿತ್ರಸಂತೆಯಲ್ಲಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯ ಅಂಚಿನಲ್ಲಿ, ನನ್ನ ಜಲವರ್ಣ ಚಿತ್ರಗಳೂ ಇದ್ದವು. ಕೆಲವು ಮಾರಾಟವಾದವು. ಮೈಸೂರಿನ ಒಂದು ಔಷಧ ಅಂಗಡಿಯಲ್ಲಿ ಬಿಲ್ ಬರೆಯುವ, ನಲವತ್ತು ದಾಟಿದ ಮೇಲೆ ಕುಂಚ ಹಿಡಿದ ಹವ್ಯಾಸಿಯೊಬ್ಬಳಿಗೆ ಇದು ದೊಡ್ಡ ಸಂಗತಿ. ಅಂದಿನಿಂದ ಫೋನು ಮಾಡಿ, ಮನೆಗೆ ಬಂದು ಹರಸಿದವರೆಲ್ಲರಿಗೂ ಕೈ ಮುಗಿಯುತ್ತೇನೆ. ಆದರೆ ನನ್ನ ಋಣ ಹೆಚ್ಚಾಗಿರುವುದು, ಚಿತ್ರದ ಮೇಲೆ ಬೆರಳಿಟ್ಟು ‘ಇಲ್ಲಿ ಸರಿಯಿಲ್ಲ’ ಎಂದವರಲ್ಲಿ. ಅವರಲ್ಲಿ ಹೆಚ್ಚಿನವರು ಚಿತ್ರಕಾರರಲ್ಲ. ತಾವು ಹೇಳಿದ ಒಂದು ಮಾತು ಯಾರಿಗೋ ಪಾಠವಾಯಿತು ಎಂಬುದೂ ಅವರಿಗೆ ತಿಳಿದಿರಲಾರದು.

ಮೊದಲು ಮೇಷ್ಟ್ರು. ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಅವರು ಭಾನುವಾರ ತಮ್ಮ ಮನೆಯ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಬಹಳ ಕಾಲ ಬರೀ ಹಿತ್ತಾಳೆ ಚೊಂಬನ್ನೇ ಬರೆಸಿದರು. ಬಣ್ಣದ ಆಸೆಯಿಂದ ಹೋದವಳಿಗೆ ಅದು ಕಷ್ಟವಾಗಿತ್ತು. ಚೊಂಬಿನ ಬಾಯಿ ನಮ್ಮ ಕಣ್ಣಿನ ಮಟ್ಟದಲ್ಲಿದ್ದರೆ ಬರೀ ಒಂದು ಗೆರೆ. ಕೆಳಗಿಳಿದಷ್ಟೂ ಅದು ತೆರೆದುಕೊಳ್ಳುತ್ತದೆ. ಹಾಗಾಗಿ ನೆಲದ ಮೇಲಿಟ್ಟ ಚೊಂಬಿನ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಾಗಿರಬೇಕು. ಮನಸ್ಸು ಮಾತ್ರ ತಳಕ್ಕೆ ನೇರ ಗೆರೆ ಎಳೆಯುತ್ತದೆ, ಚೊಂಬು ಸಪಾಟು ನೆಲದ ಮೇಲೆ ಕೂತಿದೆ ಎಂದು ಅದಕ್ಕೆ ಗೊತ್ತಲ್ಲ! ಗೊತ್ತಿರುವುದಕ್ಕೂ ಕಾಣುವುದಕ್ಕೂ ಇರುವ ಈ ಜಗಳವನ್ನು ಮೇಷ್ಟ್ರು ಎಂದೂ ಭಾಷಣ ಮಾಡಿ ಹೇಳಲಿಲ್ಲ. ‘ತಳ ನೋಡಮ್ಮ’ ಎನ್ನುತ್ತಿದ್ದರು, ಅಷ್ಟೇ. ಕಣ್ಣು ಕಿರಿದು ಮಾಡಿ ನೋಡಿದರೆ ಬಣ್ಣಗಳು ಹಿಂದೆ ಸರಿದು ನೆರಳು ಬೆಳಕು ಮಾತ್ರ ಉಳಿಯುತ್ತದೆ ಎಂದು ತೋರಿಸಿಕೊಟ್ಟವರೂ ಅವರೇ. ಮೇಷ್ಟ್ರೇ, ಆ ಚೊಂಬನ್ನು ಬರೆಸದಿದ್ದರೆ ಮಾರುಕಟ್ಟೆಯ ಒಂದು ಬುಟ್ಟಿಯನ್ನೂ ನನಗೆ ನಿಲ್ಲಿಸಲು ಆಗುತ್ತಿರಲಿಲ್ಲ.

ಜಲವರ್ಣ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಹಠಮಾರಿ. ತೈಲವರ್ಣದಲ್ಲಿ ತಪ್ಪಿನ ಮೇಲೆ ಇನ್ನೊಂದು ಪದರ ಹಚ್ಚಬಹುದು. ಇಲ್ಲಿ ಕೆಳಗಿನದೆಲ್ಲ ಮೇಲೆ ಕಾಣುತ್ತದೆ. ಬಿಳಿ ಬೇಕೆಂದರೆ ಹಾಳೆಯನ್ನೇ ಬಿಡಬೇಕು. ಅರೆ ಒಣಗಿದ ಬಣ್ಣಕ್ಕೆ ಒಂದು ಹನಿ ನೀರು ತಾಗಿದರೂ ಅದು ಬಣ್ಣವನ್ನು ಹಿಂದಕ್ಕೆ ತಳ್ಳಿ, ಹರಕು ಅಂಚಿನ ಕಲೆಯಾಗಿ ಕೂರುತ್ತದೆ. ಏಪ್ರಿಲ್ ಮಧ್ಯಾಹ್ನ ಆಕಾಶಕ್ಕೆಂದು ಎಳೆದ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ, ಇನ್ನೊಂದು ಅಂಚು ಮುಟ್ಟುವ ಮೊದಲೇ ಒಣಗಿರುತ್ತದೆ; ಜುಲೈ ತಿಂಗಳಲ್ಲಿ ಅದೇ ವಾಶ್ ಗಂಟೆಗಟ್ಟಲೆ ಆರುವುದಿಲ್ಲ. ಹಾಳೆಯನ್ನು ಓರೆಯಾಗಿ ಹಿಡಿದು ಹೊಳಪು ನೋಡು, ಹೊಳಪು ಹೋಗಿ ಮಂಕಾದ ಗಳಿಗೆಯಲ್ಲಿ ಮಾತ್ರ ಕೈ ಹಾಕಬೇಡ ಎಂಬ ಮಾತು ನನ್ನ ಎಷ್ಟೋ ಚಿತ್ರಗಳನ್ನು ಉಳಿಸಿದೆ.

ಹಾಳೆಯ ಮಾತು ಬಂದಾಗ ಅತ್ತೆಯವರನ್ನು ನೆನೆಯದೆ ಮುಂದೆ ಹೋಗಲಾರೆ. ಅಗ್ಗದ ಹಾಳೆ ನೀರು ಬಿದ್ದೊಡನೆ ಉಬ್ಬಿ, ಎರಡನೇ ಸಲ ಕುಂಚ ಆಡಿಸಿದರೆ ಎದ್ದು ಬರುತ್ತದೆ. ಹತ್ತಿಯಿಂದ ಮಾಡಿದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ತಡೆಯುತ್ತದೆ, ಆದರೆ ನನ್ನ ಸಂಬಳಕ್ಕೆ ಅದು ದುಬಾರಿ. ಸಾಮಗ್ರಿ ಅಂಗಡಿಯ ಅಣ್ಣ ಪೂರ್ತಿ ಹಾಳೆಯನ್ನು ನಾಲ್ಕಾಗಿ ಕತ್ತರಿಸಿ ಒಂದೊಂದೇ ತುಂಡು ಕೊಡುತ್ತಿದ್ದರು. ಆ ಉಪಕಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾಗೆ ಕೂಡಿಸಿಟ್ಟ ಹಾಳೆಗಳು ಒಂದು ಮಳೆಗಾಲದಲ್ಲಿ ಥಂಡಿ ಹಿಡಿದು, ಮೇಲಿನ ಅಂಟಿನ ಲೇಪ ಅಲ್ಲಲ್ಲಿ ಸತ್ತುಹೋಯಿತು. ಬಣ್ಣ ಹಾಕಿದ ಮೇಲೆಯೇ ಅದು ತಿಳಿಯುವುದು: ಆ ಜಾಗಗಳು ಬಣ್ಣವನ್ನು ಹೀರಿ ಚುಕ್ಕೆ ಚುಕ್ಕೆಯಾಗುತ್ತವೆ. ನಾನು ಅಡುಗೆಮನೆಯಲ್ಲಿ ಅಳುತ್ತಿದ್ದುದನ್ನು ನೋಡಿದ ಅತ್ತೆ ಏನೂ ಕೇಳಲಿಲ್ಲ. ಮರುದಿನ ಕಬ್ಬಿಣದ ಬೀರುವಿನಲ್ಲಿ ತಮ್ಮ ರೇಷ್ಮೆ ಸೀರೆಗಳಿದ್ದ ಅರೆಯನ್ನು ಖಾಲಿ ಮಾಡಿ, ‘ಇಲ್ಲಿ ಇಡು, ಥಂಡಿ ಬರುವುದಿಲ್ಲ’ ಎಂದರು. ಮಾತ್ರೆ ಡಬ್ಬಿಗಳೊಳಗೆ ಬರುವ ಸಿಲಿಕಾ ಪೊಟ್ಟಣಗಳನ್ನು ಅಂಗಡಿಯಿಂದ ತಂದು ಹಾಳೆಗಳ ನಡುವೆ ಇಟ್ಟೆ. ಅವರ ಸೀರೆಗಳು ಈಗಲೂ ಟ್ರಂಕಿನಲ್ಲಿವೆ.

ನನ್ನ ನಿಜವಾದ ಶಾಲೆ ದೇವರಾಜ ಮಾರುಕಟ್ಟೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಸ್ಕೆಚ್ ಪುಸ್ತಕ ಹಿಡಿದು ಹೂವಿನ ಸಾಲಿನಲ್ಲಿ ಕೂರಲು ಜಾಗ ಕೊಟ್ಟ ಅಲ್ಲಿನ ಅಕ್ಕಂದಿರಿಗೆ, ಅಣ್ಣಂದಿರಿಗೆ ಎಷ್ಟು ಹೇಳಿದರೂ ಸಾಲದು. ಗಿರಾಕಿಗಳ ದಾರಿಗೆ ಅಡ್ಡವಾದರೂ ಯಾರೂ ನನ್ನನ್ನು ಎಬ್ಬಿಸಲಿಲ್ಲ. ಮಲ್ಲಿಗೆ ಮಾಲೆಯೊಂದನ್ನು ಬರೆದು ಸಂತೋಷದಿಂದ ತೋರಿಸಿದಾಗ ಹೂ ಕಟ್ಟುತ್ತಿದ್ದ ಅಕ್ಕ ಒಂದು ಗಳಿಗೆ ನೋಡಿ, ‘ಹೀಗೆ ಕಟ್ಟಿದರೆ ನನ್ನ ಮಾಲೆ ನಿಲ್ಲುವುದಿಲ್ಲ ತಾಯಿ’ ಎಂದರು. ನಾನು ಮೊಗ್ಗುಗಳನ್ನೆಲ್ಲ ಒಂದೇ ಕಡೆಗೆ ಮುಖ ಮಾಡಿಸಿದ್ದೆ. ಅವರು ತಮ್ಮ ಕೈ ನಿಧಾನ ಮಾಡಿ ತೋರಿಸಿದರು: ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟುಗಳು ನಡುವೆ ಒಂದರ ಮೇಲೊಂದು, ಅದರ ಸುತ್ತ ಬಾಳೆ ನಾರಿನ ಕುಣಿಕೆ. ಮಾಲೆಯ ನಡುವೆ ಹಸಿರಿನ ಒಂದು ಸಣ್ಣ ಬೆನ್ನೆಲುಬು ಇರುತ್ತದೆ ಎಂಬುದನ್ನು ಅಷ್ಟು ವರ್ಷ ಹೂ ಮುಡಿದ ನಾನು ನೋಡಿಯೇ ಇರಲಿಲ್ಲ. ಅದು ತಿಳಿದ ಮೇಲೆ ಬಿಳಿಯ ಕಷ್ಟವೂ ಅರ್ಧ ಇಳಿಯಿತು. ಮೊಗ್ಗುಗಳನ್ನು ಬರೆಯುವುದೇ ಬೇಡ; ನಡುವಿನ ಹಸಿರನ್ನೂ ಹಿಂದಿನ ನೆರಳನ್ನೂ ಹಾಕುತ್ತಾ ಹೋದರೆ, ಬಿಟ್ಟ ಹಾಳೆಯೇ ಮಲ್ಲಿಗೆಯಾಗುತ್ತದೆ.

ಕುಂಕುಮದ ಗುಡ್ಡೆಗಳು ನನ್ನನ್ನು ಅದಕ್ಕಿಂತ ಹೆಚ್ಚು ಸತಾಯಿಸಿದವು. ಕೆಂಪಿಗೆ ನೀರು ಹೆಚ್ಚಿಸಿದರೆ ಗುಲಾಬಿಯಾಗುತ್ತದೆ, ಕಪ್ಪು ಬೆರೆಸಿದರೆ ಸಾಯುತ್ತದೆ. ನೆರಳಿನ ಬದಿಗೆ ನಾನು ಕಪ್ಪು ಸೇರಿಸಿದ್ದ ಚಿತ್ರವನ್ನು ಅಂಗಡಿಯ ಹುಡುಗ ನೋಡಿ, ‘ಅಮ್ಮ, ಇದು ನಮ್ಮ ಕುಂಕುಮ ಅಲ್ಲ, ಇದರಲ್ಲಿ ಕಲಬೆರಕೆ ಇದೆ’ ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ಅಂದಿನಿಂದ ಪ್ಯಾಲೆಟ್ಟಿನಿಂದ ಕಪ್ಪನ್ನು ತೆಗೆದೇ ಹಾಕಿದೆ. ಬೆಳಕಿನ ಬದಿಗೆ ಸ್ಕಾರ್ಲೆಟ್, ನೆರಳಿಗೆ ಕ್ರಿಮ್ಸನ್ ಜೊತೆ ಅಲ್ಟ್ರಾಮರೀನ್ ನೀಲಿಯ ಒಂದು ಚೂರು. ಬೂದು ಬೇಕಾದರೆ ಅದೇ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸುತ್ತೇನೆ. ಆ ಬೂದಿನೊಳಗೆ ಜೀವವಿರುತ್ತದೆ.

ಬಾಳೆಗೊನೆ ಹೊರುವ ಅಣ್ಣನೊಬ್ಬರು ಇನ್ನೊಂದು ದಿನ ಗೊನೆಯನ್ನು ಇಳಿಸದೆಯೇ ನಿಂತು ನನ್ನ ಪುಸ್ತಕಕ್ಕೆ ಇಣುಕಿದರು. ‘ಭಾರ ಹೊತ್ತವನು ಇಷ್ಟು ನೆಟ್ಟಗೆ ನಿಲ್ಲುತ್ತಾನೆಯೇ?’ ಎಂದು ಕೇಳಿ, ತಮ್ಮ ಸೊಂಟವನ್ನು ತೋರಿಸಿದರು. ಗೊನೆ ಬಲ ಹೆಗಲಲ್ಲಿದ್ದರೆ ಮೈ ಎಡಕ್ಕೆ ವಾಲುತ್ತದೆ, ತೂಕವೆಲ್ಲ ಪಾದದ ಮೇಲೆ ಬೀಳುವಂತೆ ದೇಹ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅಷ್ಟು ಭಾರ ಹೊತ್ತುಕೊಂಡೇ ಅವರು ನನಗಾಗಿ ನಿಂತಿದ್ದರಲ್ಲ ಎಂದು ಈಗಲೂ ಮನಸ್ಸು ತುಂಬಿ ಬರುತ್ತದೆ.

ನಡುವೆ ಒಂದು ಕಾಲ ಬಂದಿತ್ತು, ಬಿಟ್ಟೇಬಿಡೋಣ ಎನಿಸಿದ ಕಾಲ. ಒಂದು ಪ್ರದರ್ಶನಕ್ಕೆ ಕಳುಹಿಸಿದ್ದು ತಿರಸ್ಕೃತವಾಗಿ ಬಂದಿತ್ತು, ಅದು ಅಷ್ಟು ಮುಖ್ಯವಲ್ಲ. ನೋಡುವ ಕಣ್ಣು ಬೇಗ ಬೆಳೆದು, ಬರೆಯುವ ಕೈ ಹಿಂದೆ ಉಳಿದಿತ್ತು. ಹಿಂದಿನ ವರ್ಷ ಇಷ್ಟವಾಗಿದ್ದ ಚಿತ್ರಗಳೆಲ್ಲ ಕೆಟ್ಟದಾಗಿ ಕಾಣತೊಡಗಿದವು. ಆಗ ಜಗನ್ಮೋಹನ ಅರಮನೆಗೆ ಹೋಗಿ ‘ದೀಪ ಹಿಡಿದ ಮಹಿಳೆ’ಯ ಮುಂದೆ ನಿಲ್ಲುತ್ತಿದ್ದೆ. ಅದನ್ನು ರವಿವರ್ಮನ ಚಿತ್ರವೆಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್ ಅವರದು, ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಮತ್ತು ಅದು ಜಲವರ್ಣ! ದೀಪಕ್ಕೆ ಮರೆ ಹಿಡಿದ ಬೆರಳುಗಳ ಸಂದಿನಲ್ಲಿ ಹೊಮ್ಮುವ ಆ ಕೆಂಪು ಬೆಳಕು, ನಾನು ಬಳಸುವ ನೀರಿನಿಂದಲೇ, ಹಾಳೆಯ ಬಿಳುಪಿನಿಂದಲೇ ಬಂದದ್ದು ಎಂದು ನೆನೆದಾಗ ಹೊಟ್ಟೆಕಿಚ್ಚಾಗಲಿಲ್ಲ, ಧೈರ್ಯ ಬಂತು. ಬೆಂಗಳೂರಿನಲ್ಲಿ ಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳ ಮಂಜನ್ನು ನೋಡಿದಾಗಲೂ ಹಾಗೆಯೇ ಆಯಿತು. ಟಿಕೆಟ್ ಕೊಂಡವಳು ಒಂದೇ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೂ ಮುಂದೆ ಸರಿಯಿರಿ ಎನ್ನದ ಅರಮನೆಯ ಕಾವಲುಗಾರರಿಗೆ ನಮಸ್ಕಾರ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ರಜಾದಿನ ಜೊತೆಗೆ ಕೂತು ಬರೆಯುವ ಗೆಳೆಯ ಗೆಳತಿಯರೇ, ಹಳೆಯ ಹಾಳೆಗಳನ್ನು ಹರಿಯಲು ಬಿಡದೆ ಹಿಂದೆ ತಾರೀಖು ಬರೆಸಿದವರು ನೀವು. ಕಟ್ಟು ಹಾಕುವ ಅಂಗಡಿಯ ಸಾಹೇಬರು ಚಿತ್ರವನ್ನು ಹಲಗೆಗೆ ಅಂಟಿಸಲು ಒಪ್ಪದೆ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ದಪ್ಪ ರಟ್ಟಿನ ಅಂಚು) ಇರಲೇಬೇಕೆಂದು ಹಠ ಹಿಡಿದು, ಅದರ ಖರ್ಚನ್ನು ಕಂತಿನಲ್ಲಿ ಪಡೆದರು. ಸಂತೆಯ ದಿನ ಪಕ್ಕದ ಮಳಿಗೆಗೆ ಉತ್ತರ ಕರ್ನಾಟಕದಿಂದ ಬಂದಿದ್ದ ಕಲಾವಿದರು ಹಗ್ಗ, ಕ್ಲಿಪ್ಪು ಕೊಟ್ಟರು. ಊಟಕ್ಕೆ ಹೋದಾಗ ನನ್ನ ಚಿತ್ರವೊಂದನ್ನು ಮಾರಿ ಹಣ ಎಣಿಸಿ ಇಟ್ಟಿದ್ದರು. ಬೆಳಗಿನ ಜಾವದ ರೈಲಿಗೆ ಚಿತ್ರಗಳ ಕಟ್ಟನ್ನು ಹೊತ್ತು ಬಂದು, ಇಡೀ ದಿನ ಹಿಂದೆ ನಿಂತಿದ್ದ ಮನೆಯವರಿಗೂ ಮಗಳಿಗೂ ಇಲ್ಲಿ ಹೇಳುವುದಕ್ಕಿಂತ ಮನೆಯಲ್ಲಿ ಹೇಳುವುದೇ ಹೆಚ್ಚಿದೆ.

ಕೊನೆಯದಾಗಿ ಚಿತ್ರ ಕೊಂಡವರಿಗೆ. ನಿಮ್ಮ ಗೋಡೆಯಲ್ಲಿ ನನಗೊಂದು ಜಾಗ ಕೊಟ್ಟಿದ್ದೀರಿ, ಅದರ ಸಂತೋಷ ಇನ್ನೂ ಇಳಿದಿಲ್ಲ. ಒಂದು ಕೋರಿಕೆ: ನೇರ ಬಿಸಿಲು ಬೀಳುವ ಗೋಡೆಗೆ ಅದನ್ನು ಹಾಕಬೇಡಿ. ಬೇಗ ಮಾಸುವ ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪನ್ನು ನಾನು ಬಳಸಿಲ್ಲವಾದರೂ ಜಲವರ್ಣಕ್ಕೆ ಬಿಸಿಲು ಆಗದು. ಬಚ್ಚಲುಮನೆಯ ಗೋಡೆಯೂ ಬೇಡ. ಮಳೆಗಾಲದಲ್ಲಿ ಕಟ್ಟಿನ ಹಿಂದೆ ಎರಡು ಬಿರಡೆ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲು ಬಿಡಿ. ಗಾಜಿನೊಳಗೆ ಬೂಷ್ಟು ಕಂಡರೆ ನೀವೇ ಬಿಚ್ಚಿ ಒರೆಸಬೇಡಿ, ಹಿಂಬದಿಯಲ್ಲಿ ನನ್ನ ಫೋನ್ ಸಂಖ್ಯೆ ಬರೆದಿದ್ದೇನೆ. ಮತ್ತು ಆ ಮಾರುಕಟ್ಟೆಯ ಚಿತ್ರದಲ್ಲಿ ಏನಾದರೂ ಸರಿಯಿಲ್ಲ ಎನಿಸಿದರೆ, ಅದಕ್ಕೂ ಅದೇ ಸಂಖ್ಯೆಗೆ ಕರೆ ಮಾಡಿ.