‘ಸಖತ್’ ಪದದ ಲೇಖನದ ವಿಚಾರವಾಗಿ

ಮೈಸೂರು

ಚಿ. ಪುಟ್ಟಣ್ಣನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಕನ್ನಡ ವಿಕಿಪೀಡಿಯಕ್ಕೆ ‘ಸಖತ್’ ಎಂಬ ಪದದ ಮೇಲೆ ನೀನು ಬರೆದ ಲೇಖನವನ್ನೂ, ಅದನ್ನು ಅಳಿಸಬೇಕೆಂದು ಹಿರಿಯ ಸಂಪಾದಕರೊಬ್ಬರು ಹಾಕಿರುವ ಸೂಚನೆಯನ್ನೂ ಎರಡೆರಡು ಬಾರಿ ಓದಿದೆ. ಆಡುಮಾತೆಂಬ ತಾತ್ಸಾರದಿಂದ ಅವರು ಹಾಗೆ ಮಾಡಿದರೆಂದು ನೀನು ನೊಂದುಕೊಂಡಿದ್ದೀಯೆ. ತಾತ್ಸಾರವೇ ಕಾರಣವಾಗಿದ್ದರೆ ನಾನೂ ನಿನ್ನ ಪಕ್ಷವನ್ನೇ ಹಿಡಿಯುತ್ತಿದ್ದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲಿಯೇ ಕಾವ್ಯದ ಪದಗಳ ಜೊತೆ ಜನರ ಬಾಯಿಮಾತಿಗೂ ಗಾದೆಗಳಿಗೂ ಜಾಗ ಸಿಕ್ಕಿದೆ. ಆದರೆ ಆ ಸಂಪಾದಕರ ಆಕ್ಷೇಪ ಬೇರೆಯೇ ಇದೆ: ಪದವನ್ನು ಕುರಿತು ಬೇರೆ ಯಾರೂ ಬರೆದಂತೆ ಕಾಣುವುದಿಲ್ಲ ಎಂದು ಅವರು ಹೇಳಿದ್ದಾರೆ.

ನೀನು ಕೊಟ್ಟಿರುವ ಏಳು ಉಲ್ಲೇಖಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ನಾಲ್ಕು ಸಿನಿಮಾ ವಿಮರ್ಶೆಗಳು, ಎರಡು ಜಾಹೀರಾತುಗಳು, ಒಂದು ಹೋಟೆಲಿನ ಪರಿಚಯ. ಏಳರಲ್ಲಿಯೂ ‘ಸಖತ್’ ಇದೆ, ನಿಜ. ‘ದೋಸೆ ಸಖತ್ತಾಗಿದೆ’ ಎಂದು ಬರೆದವರು ದೋಸೆಯ ವಿಷಯ ಹೇಳಿದರೇ ಹೊರತು ಪದದ ವಿಷಯವನ್ನಲ್ಲ. ಪದ ಬಳಕೆಯಲ್ಲಿದೆ ಎನ್ನುವುದಕ್ಕೆ ಇವು ಸಾಕ್ಷಿಯಾಗುತ್ತವೆ, ಮತ್ತು ನಿಘಂಟಿಗೆ ಬೇಕಾದದ್ದೂ ಅಂಥ ಸಾಕ್ಷಿಯೇ. ವಿಶ್ವಕೋಶಕ್ಕಾದರೋ ಆ ಪದವನ್ನೇ ವಿಷಯವಾಗಿಟ್ಟುಕೊಂಡು, ಅದು ಎಲ್ಲಿಂದ ಬಂತು, ಯಾರ ಬಾಯಲ್ಲಿ ಹೇಗೆ ತಿರುಗಿತು ಎಂದು ಬಲ್ಲವರು ವಿಚಾರಮಾಡಿ ಪ್ರಕಟಿಸಿದ ಬರಹಗಳು ಬೇಕು, ಅವೂ ಒಂದಕ್ಕಿಂತ ಹೆಚ್ಚು.

‘ಓಕೆ’ಯನ್ನು ನೋಡು. ಅದೂ ಒಂದು ಕಾಲದ ತಮಾಷೆಯ ಮಾತೇ. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ (oll korrect) ಬರೆದು, ಅದರ ಮೊದಲಕ್ಷರಗಳಾದ O.K.ಯನ್ನು ಅಮೆರಿಕದ ಬಾಸ್ಟನ್ನಿನ ಪತ್ರಿಕೆಯೊಂದು 1839ರ ಮಾರ್ಚ್ 23ರಂದು ಅಚ್ಚುಮಾಡಿತು. ಮರುವರ್ಷ ಅಲ್ಲಿನ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ವ್ಯಾನ್ ಬ್ಯೂರನ್ನರ ಬೆಂಬಲಿಗರು, ಅವರ ಊರಾದ ಕಿಂಡರ್‌ಹುಕ್‌ನಿಂದ ಬಂದ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿಗೆ ಅದನ್ನು ಹೊಂದಿಸಿಕೊಂಡರು. ಇದನ್ನೆಲ್ಲ ಹಳೆಯ ಪತ್ರಿಕೆಗಳಿಂದ ಹೆಕ್ಕಿ, 1963-64ರಲ್ಲಿ ಸಾಲಾಗಿ ಲೇಖನಗಳನ್ನು ಬರೆದವರು ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು. ಇಂಥ ಬರಹಗಳು ಇರುವುದರಿಂದಲೇ ಆ ಪದದ ಮೇಲಿನ ವಿಶ್ವಕೋಶ ಲೇಖನ ಬರೀ ಅರ್ಥ ಹೇಳಿ ನಿಲ್ಲಬೇಕಾಗಿಲ್ಲ.

‘ಸಖತ್’ಗೂ ಅಂಥ ಕಥೆಯಿದೆ ಎಂಬ ನಿನ್ನ ನಂಬಿಕೆ ನನ್ನದೂ ಹೌದು. ಗಟ್ಟಿ, ಕಠಿಣ ಎಂಬ ಅರ್ಥದ ‘ಸಖ್ತ್’ ಎಂಬ ಪಾರಸಿ ಪದ ಮರಾಠಿಯ ‘ಸಕ್ತಮಜುರಿ’ಯಲ್ಲಿ ಇಂದಿಗೂ ಕಠಿಣ ಶಿಕ್ಷೆಯಾಗಿಯೇ ಉಳಿದಿದ್ದರೆ, ನಮ್ಮಲ್ಲಿ ಮಲ್ಲಿಗೆಯ ಘಮಕ್ಕೂ ಒಗ್ಗಿಕೊಂಡಿದೆ, ಇದು ನನಗೆ ಬಹಳ ಚೆಂದವೆನಿಸುತ್ತದೆ. ಆದರೆ ಆ ದಾರಿ ಹೇಗೆ ಸಾಗಿತೆಂದು ನಾನೋ ನೀನೋ ಊಹಿಸಿ ಬರೆದರೆ ಅದು ಸ್ವಂತ ಸಂಶೋಧನೆಯಾಗುತ್ತದೆ. ಅದಕ್ಕೆ ತಕ್ಕ ಜಾಗ ಪತ್ರಿಕೆಯ ಲೇಖನ, ಅಥವಾ ನಿನ್ನದೇ ಒಂದು ಪ್ರಬಂಧ. ಇನ್ನೊಬ್ಬರು ಅದನ್ನು ಓದಿ, ಒಪ್ಪಿಯೋ ಅಲ್ಲಗಳೆದೋ ಬರೆದ ಮೇಲೆ ವಿಶ್ವಕೋಶದ ಮಾತು.

ಸದ್ಯಕ್ಕೆ ನೀನೇ ಮುಂದಾಗಿ ಅಳಿಸುವಿಕೆಗೆ ಒಪ್ಪಿಗೆ ಕೊಡು. ಅರ್ಥ, ಉಚ್ಚಾರಣೆ, ಉದಾಹರಣೆ ವಾಕ್ಯಗಳನ್ನು ವಿಕಿಪೀಡಿಯದ ಸೋದರ ಯೋಜನೆಯಾದ ವಿಕ್ಷನರಿ ಎಂಬ ನಿಘಂಟಿಗೆ ಸೇರಿಸು. ಪ್ರತಿ ವಾಕ್ಯದ ಜೊತೆ ಅದು ಎಲ್ಲಿ, ಯಾವ ವರ್ಷ ಅಚ್ಚಾಯಿತೆಂಬುದನ್ನು ತಪ್ಪದೆ ಬರೆ. ನಾವು ಹಾಸ್ಟೆಲಿನಲ್ಲಿ ದಿನವೂ ಆಡುತ್ತಿದ್ದ ಎಷ್ಟೋ ಮಾತುಗಳನ್ನು ಯಾರೂ ಹಾಗೆ ಬರೆದಿಡಲಿಲ್ಲ. ಈಗ ನೆನಪು ಮಾಡಿಕೊಂಡರೂ ಅವು ಯಾವ ವರ್ಷದವೆಂದು ಹೇಳಲು ನನ್ನಿಂದಾಗುವುದಿಲ್ಲ. ಆ ಸಂಪಾದಕರಿಗೆ ಚರ್ಚೆ ಪುಟದಲ್ಲಿ ಬಿರುಸಾಗಿ ಬರೆದ ಉತ್ತರವನ್ನು ಹಿಂದಕ್ಕೆ ತೆಗೆದುಕೋ. ಅವರು ನಿನ್ನ ಲೇಖನವನ್ನು ಪೂರ್ತಿ ಓದಿಯೇ ಹೇಳಿದ್ದಾರೆ.

ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟವರು. ಅದರ ಸಂಪುಟಗಳು ನನ್ನ ಕಪಾಟಿನಲ್ಲಿವೆ. ದೀಪಾವಳಿಗೆ ನೀನು ಬಂದಾಗ ಕೂತು ಹುಡುಕೋಣ. ಒಂದು ಪುಟ ಸಿಕ್ಕರೆ, ಎರಡನೆಯದಕ್ಕೆ ಗ್ರಂಥಾಲಯಕ್ಕೆ ಹೋಗೋಣ.

ಇಂತಿ,
ನಿನ್ನ ದೊಡ್ಡಪ್ಪ