ಅಪರೂಪದ ತುರ್ತು ಚಿಕಿತ್ಸೆಗೆ ಕೈ ಪಳಗಿರಬೇಕು

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯ ಆಸ್ಪತ್ರೆಯೊಂದರ ಕ್ಯಾಶುಯಾಲಿಟಿಯಲ್ಲಿ ಹಲವು ವರ್ಷ ಸ್ಟಾಫ್ ನರ್ಸ್ ಆಗಿದ್ದ ನಾನು ಆರೋಗ್ಯ ಇಲಾಖೆಯ ಗಮನಕ್ಕೆ ಒಂದು ಸಂಗತಿಯನ್ನು ತರಬಯಸುತ್ತೇನೆ. ತುರ್ತು ವಿಭಾಗದ ವೈದ್ಯರು ಹಗಲಿರುಳೂ ಜೀವ ಉಳಿಸುವ ಕೈಕೆಲಸದಲ್ಲೇ ಇರುತ್ತಾರೆಂದು ಜನ ಭಾವಿಸಿದ್ದಾರೆ. ಆದರೆ ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಜ್ವರ, ಹೊಟ್ಟೆನೋವು, ನಾಯಿ ಕಡಿತ, ಸಣ್ಣಪುಟ್ಟ ಗಾಯದವರು. ಉಸಿರಾಟಕ್ಕಾಗಿ ಗಂಟಲಿನೊಳಗೆ ಕೊಳವೆ ಇಳಿಸುವ ಸಂದರ್ಭ ಆಗೊಮ್ಮೆ ಈಗೊಮ್ಮೆ ಬರುತ್ತದೆ; ಪಕ್ಕೆಲುಬುಗಳ ನಡುವೆ ಕೊಳವೆ ಹಾಕಿ ಎದೆಯಲ್ಲಿ ತುಂಬಿಕೊಂಡ ಗಾಳಿ, ರಕ್ತವನ್ನು ಹೊರತೆಗೆಯುವುದು ಇನ್ನೂ ವಿರಳ; ಕೊಳವೆ ಇಳಿಯದೇ ಹೋದಾಗ ಕತ್ತಿನ ಮುಂಭಾಗವನ್ನು ಕೊಯ್ದು ಶ್ವಾಸನಾಳಕ್ಕೆ ದಾರಿ ಮಾಡುವ ಕೆಲಸವನ್ನಂತೂ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಮಾಡದ ವೈದ್ಯರಿದ್ದಾರೆ.

ಒಂದು ರಾತ್ರಿ ಹೆದ್ದಾರಿ ಅಪಘಾತದಲ್ಲಿ ಮುಖ ಜಜ್ಜಿಹೋದ ಯುವಕನನ್ನು ತಂದಿದ್ದರು. ಡ್ಯೂಟಿ ಡಾಕ್ಟರು ಎರಡು ಸಲ ಪ್ರಯತ್ನಿಸಿದರೂ ಕೊಳವೆ ಇಳಿಯಲಿಲ್ಲ. ಕತ್ತು ಕೊಯ್ಯಬೇಕೆಂದು ಅವರಿಗೆ ಗೊತ್ತಿತ್ತು, ಆದರೆ ಅದುವರೆಗೆ ಜೀವಂತ ದೇಹದ ಮೇಲೆ ಆ ಕೆಲಸ ಮಾಡಿರಲಿಲ್ಲ. ಯುವಕ ಉಳಿಯಲಿಲ್ಲ. ಆ ಡಾಕ್ಟರನ್ನು ನಾನು ದೂರಲಾರೆ. ಅಭ್ಯಾಸಕ್ಕೆ ಅವಕಾಶವನ್ನೇ ಕೊಡದೆ ಅವರನ್ನು ಅಲ್ಲಿ ನಿಲ್ಲಿಸಿದ್ದೆವು. ಆಮ್ಲಜನಕ ನಿಂತ ನಾಲ್ಕಾರು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ, ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ರೆಫರ್ ಮಾಡುವ ಚೀಟಿ ಅಂಥ ಹೊತ್ತಿನಲ್ಲಿ ಯಾರನ್ನೂ ಉಳಿಸದು.

ಎದೆ ಒತ್ತುವ ಸಿಪಿಆರ್ ಕೌಶಲವೇ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕುಂದುತ್ತದೆ, ಹೀಗಿರುವಾಗ ಎಂದೋ ಪಡೆದ ತರಬೇತಿ ಪ್ರಮಾಣಪತ್ರವನ್ನು ನೆಚ್ಚಿ ಕೂರುವುದು ಸರಿಯಲ್ಲ. ತಾಲ್ಲೂಕು ಆಸ್ಪತ್ರೆಯವರೆಗೂ ಪ್ರತಿ ತಿಂಗಳು ಗೊಂಬೆಯ ಮೇಲೆ ಈ ಚಿಕಿತ್ಸೆಗಳ ಅಭ್ಯಾಸ ನಡೆಯಲಿ. ಕತ್ತು ಕೊಯ್ಯುವುದನ್ನು ಕಲಿಯಲು ಮಾಂಸದಂಗಡಿಯಿಂದ ತಂದ ಕುರಿಯ ಶ್ವಾಸನಾಳವೂ ಸಾಕು, ಅದಕ್ಕೆ ದೊಡ್ಡ ಅನುದಾನವೇನೂ ಬೇಡ. ವೈದ್ಯರನ್ನು ವರ್ಷಕ್ಕೆ ಕೆಲವು ದಿನ ಆಪರೇಷನ್ ಥಿಯೇಟರಿಗೆ ನಿಯೋಜಿಸಿದರೆ ಅರಿವಳಿಕೆ ತಜ್ಞರ ಕಣ್ಣಮುಂದೆಯೇ ಕೊಳವೆ ಇಳಿಸಿ ಕೈ ಪಳಗಿಸಿಕೊಳ್ಳಬಹುದು. ಯಾರು ಯಾವ ಚಿಕಿತ್ಸೆಯನ್ನು ಕೊನೆಯದಾಗಿ ಯಾವಾಗ ಮಾಡಿದರೆಂಬ ರಿಜಿಸ್ಟರ್ ಇರಲಿ, ಆದರೆ ಅದು ನೋಟಿಸ್ ಕೊಡುವ ಅಸ್ತ್ರವಾಗದಿರಲಿ.

ಈ ಅಭ್ಯಾಸದಲ್ಲಿ ನರ್ಸ್‌ಗಳನ್ನೂ ಸೇರಿಸಬೇಕೆಂದು ವಿಶೇಷವಾಗಿ ಕೋರುತ್ತೇನೆ. ಆ ರಾತ್ರಿ ಡಾಕ್ಟರು ಕೇಳಿದ ಬ್ಲೇಡು ಯಾವ ಟ್ರೇಯಲ್ಲಿದೆಯೆಂದು ಹುಡುಕುವುದರಲ್ಲಿ ನಾನೂ ಸಮಯ ಕಳೆದಿದ್ದೆ.

ಇತಿ,
ನಿವೃತ್ತ ಸ್ಟಾಫ್ ನರ್ಸ್, ತುಮಕೂರು